ಮಗ್ಗುಲಾಗಿ ಏಳುವವರು

ಗಾದಿ ಆರಿಸಲು ಮದುಮಗನೇ ಬರುವ ಪದ್ಧತಿ ಹೆಣ್ಣಿನ ಊರು ಸಮೀರವಾಡಿಯಲ್ಲಿ ಇರಲಿಲ್ಲ, ಗಂಡಿನ ಊರು ಬನಹಟ್ಟಿಯಲ್ಲೂ ಇರಲಿಲ್ಲ. ಮಂಚ, ಗಾದಿ, ತಲೆದಿಂಬು ಹೆಣ್ಣಿನ ಮನೆಯವರ ಪಾಲಿನದು. ಅವರು ತರುತ್ತಾರೆ, ಲಗ್ನದ ದಿನ ಹಂದರದ ಮೂಲೆಯಲ್ಲಿ ಹಿತ್ತಾಳೆ ಕೊಡಗಳ ಪಕ್ಕದಲ್ಲಿ ಇಡುತ್ತಾರೆ. ಗಂಡಿನ ಕಡೆಯ ಹೆಂಗಸರು ಬಂದು ಅಂಗೈಯಿಂದ ಒತ್ತಿ ನೋಡಿ, ಒಬ್ಬರ ಮುಖ ಒಬ್ಬರು ನೋಡಿ, ಊಟಕ್ಕೆ ಹೋಗುತ್ತಾರೆ. ಅಷ್ಟೇ.

ಅದಕ್ಕೇ ಮದುಮಗ ಕಲ್ಮೇಶ ಫೋನು ಮಾಡಿ, "ಮಾವಾರ, ಗಾದಿ ತರಾಕ ಜಮಖಂಡಿಗಿ ಹೋಗೂ ಮುಂದ ನನಗೂ ಹೇಳ್ರಿ, ನಾನೂ ಬರ್ತೇನಿ" ಎಂದಾಗ ಹೆಣ್ಣಿನ ಅಪ್ಪ ಅಂದಾನೆಪ್ಪ ಕೈಯಲ್ಲಿದ್ದ ಚಹಾದ ಕಪ್ಪನ್ನು ಕುಡಿಯದೆ ಕೆಳಗಿಟ್ಟ.

"ಆಗ್ಲಿ ಬರ್ರೀಪಾ," ಎಂದು ಫೋನು ಇಟ್ಟವನೇ ಹೆಂಡತಿಯ ಕಡೆ ನೋಡಿದ.

"ಯಾರರೆ ಏನರೆ ಹೇಳ್ಯಾರೇನ ಅವಂಗ?" ಎಂದಳು ಹಾಲವ್ವ. ಅವಳ ದನಿ ಆಗಲೇ ಅರ್ಧಕ್ಕಿಳಿದಿತ್ತು.

ಒಳಗಿನ ಕೋಣೆಯಲ್ಲಿ ಮಗಳು ಗಂಗಾಂಬಿಕಾ ತನ್ನ ಬಲಗೈಯನ್ನು ಮುಚ್ಚಲು ನೋಡುತ್ತಿದ್ದಳು. ಮುಂಜಾನೆಯ ಎಂಟು ಗಂಟೆ. ಬೆರಳುಗಳು ಅರ್ಧ ಬಾಗಿ ಅಲ್ಲಿಗೇ ನಿಂತಿದ್ದವು.

ನಾಲ್ಕು ವರ್ಷದಿಂದ ಅವಳಿಗೆ ಸಂಧಿವಾತ. ದಿನವೂ ಮುಂಜಾನೆ ಕೈಗಳು ಬೇರೆ ಯಾರದೋ ಆಗಿರುತ್ತವೆ. ಬಿಸಿನೀರಲ್ಲಿ ಅದ್ದಿ, ಕಾಯ್ದು, ಬೇಡಿಕೊಂಡ ಮೇಲೆ ಹತ್ತರ ಹೊತ್ತಿಗೆ ಒಂದೊಂದೇ ಬೆರಳು ತನ್ನದಾಗುತ್ತದೆ. ಮುಧೋಳದ ಸಾಲೆಯಲ್ಲಿ ಗಣಿತ ಕಲಿಸುವ ಅವಳು ಮೊದಲ ಪಿರಿಯಡ್ ಎಂದೂ ಬೋರ್ಡಿನ ಮೇಲೆ ಬರೆಯುವುದಿಲ್ಲ. ಮಕ್ಕಳಿಂದ ಬಾಯಿಲೆಕ್ಕ ಹೇಳಿಸುತ್ತಾಳೆ. ಗಟ್ಟಿ ನೆಲದ ಮೇಲೆ ಮಲಗಿದರೆ ಭುಜ, ಸೊಂಟದ ಎಲುಬು ಕೆಂಡವಾಗುತ್ತವೆ. ಆಯ್ತವಾರಕ್ಕೊಮ್ಮೆ ನುಂಗುವ ಗುಳಿಗೆಯ ಡಬ್ಬಿ ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಇರುತ್ತದೆ.

ಈ ಸಂಗತಿ ತಿಳಿದವರು ಅಪ್ಪ, ಅವ್ವ, ಅಪ್ಪನ ಅಕ್ಕ ತಂಗೆವ್ವ ಮತ್ತು ಡಾಕ್ಟರು. ಅವರನ್ನು ಬಿಟ್ಟರೆ ಎರಡು ಮನೆಗಳು. ಬೀಳಗಿಯಿಂದ ಬಂದ ಗಂಡಿನವರಿಗೆ ಅಂದಾನೆಪ್ಪ ಎಲ್ಲವನ್ನೂ ಹೇಳಿದ್ದ; ಅವರು ಅವಲಕ್ಕಿ ತಿಂದು ಎದ್ದು ಹೋದರು. ಬಾಡಗಂಡಿಯವರು, "ಹುಡುಗಿ ಛಲೋ ಅದಾಳ, ಆದ್ರ..." ಎಂದರು. ಆ 'ಆದ್ರ'ದ ಮುಂದೆ ಏನಿತ್ತು ಎಂದು ಯಾರೂ ಕೇಳಲಿಲ್ಲ. ಮೂರನೆಯವನು ಕಲ್ಮೇಶ. ಈ ಸಲ ಹಾಲವ್ವ ಮಗಳ ಗದ್ದ ಹಿಡಿದು, "ಲಗ್ನ ಆಗೂತನಾ ಬಾಯಿ ಬಿಡಬ್ಯಾಡವ್ವಾ" ಎಂದಿದ್ದಳು.

ಬಾಯಿ ಬಿಡದಿರುವುದು ಸುಲಭವೆಂದು ಗಂಗಾಂಬಿಕಾ ತಿಳಿದಿದ್ದಳು. ಅವನ ಮೇಲೆ ಮನಸ್ಸು ಹೋಗುವ ತನಕ ಸುಲಭವೇ ಆಗಿತ್ತು.

ಅವನು ಬನಹಟ್ಟಿಯವನು, ನಾಲ್ಕು ಪವರ್‌ಲೂಮ್ ಮಗ್ಗಗಳ ಒಡೆಯ. ಫೋನಿನಲ್ಲಿ ಮಾತಾಡುವಾಗ ಎಂದೂ ಒಂದು ಕಡೆ ಕೂರುತ್ತಿರಲಿಲ್ಲ. ಮಗ್ಗದ ಖಟಖಟ ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು. "ಕುಂತ ಮಾತಾಡ್ರಿ," ಎಂದರೆ, "ನಿಮ್ಮ ಕೂಡ ಮಾತಾಡೂವಾಗ ಕುಂಡ್ರಾಕ ಆಗೂದಿಲ್ರಿ" ಎಂದು ನಗುತ್ತಿದ್ದ. ಅವಳು ಆ ಮಾತನ್ನು ಇಡೀ ದಿನ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಓಡಾಡುತ್ತಿದ್ದಳು.

ಈಗ ಅವನು ಗಾದಿ ನೋಡಲು ಬರುತ್ತಾನೆ. ಗಾದಿಯನ್ನೋ, ಅವಳನ್ನೋ?

*

ಜಮಖಂಡಿಯ ಗಾದಿ ಅಂಗಡಿ ತೇರದಾಳದ ಪಾರಿಸಪ್ಪನದು. ರವಿವಾರ ಹನ್ನೊಂದಕ್ಕೆ ಗಂಗಾಂಬಿಕಾ ತಂಗೆವ್ವ ಅತ್ತಿಯ ಜೊತೆ ಅಲ್ಲಿಗೆ ಬಂದಳು. ಹನ್ನೊಂದು ಎಂದು ಹೇಳಿದವಳು ಅವಳೇ. ಹನ್ನೊಂದಕ್ಕೆ ಅವಳ ಕೈಗಳು ಅವಳ ಮಾತು ಕೇಳುತ್ತವೆ.

ಕಲ್ಮೇಶ ಆಗಲೇ ನಿಂತಿದ್ದ. ತಿಳಿನೀಲಿ ಅಂಗಿ, ಇಸ್ತ್ರಿಯ ಗೆರೆ ಇನ್ನೂ ಮುರಿದಿರಲಿಲ್ಲ. ಅವಳನ್ನು ಕಂಡು ನಕ್ಕ. ಆಮೇಲೆ ಅತ್ತಿಯನ್ನು ಕಂಡು ಆ ನಗೆಯನ್ನು ಸ್ವಲ್ಪ ಚಿಕ್ಕದು ಮಾಡಿದ.

"ಬೈಕ್ ಮ್ಯಾಲ ಬಂದ್ರೇನ್ರಿ?" ಎಂದಳು ತಂಗೆವ್ವ.

"ಇಲ್ರಿ, ಬಸ್ಸಿಗಿ."

"ಮನ್ಯಾಗ ಬೈಕ್ ಇಟಗೊಂಡ ಬಸ್ಸಿಗಿ ಬರ್ತೀರಿ?"

"ಕಬ್ಬಿನ ಟ್ರ್ಯಾಕ್ಟರ್ ಭಾಳ ಅದಾವ್ರಿ ದಾರ‍್ಯಾಗ," ಎಂದ. ಹೇಳುವಾಗ ಗೋಡೆಯ ಕಡೆ ನೋಡಿದ.

ಪಾರಿಸಪ್ಪ ಪ್ರತಿ ಗಾದಿಗೂ ಸೀಮೆಸುಣ್ಣದಿಂದ ನಂಬರು ಬರೆದಿದ್ದ. "ಒಂದನೇ ನಂಬರ ಬೆಣ್ಣಿ, ಹತ್ತನೇ ನಂಬರ ಹಲಗಿ. ಈ ಎರಡರ ನಡುವ ಎಲ್ಯೋ ನಿಮ್ಮ ಸಂಸಾರ ಐತಿ. ಹುಡುಕೂಣು ಬರ್ರಿ."

"ಬೆಣ್ಣಿ ಮ್ಯಾಲ ಮಲಗಿದ್ರ ಎಬ್ಬಿಸಾವ್ರ ಯಾರಪಾ?" ಎಂದಳು ತಂಗೆವ್ವ.

ಕಲ್ಮೇಶ ಬಾಗಲಿಲ್ಲ. ಮೊಣಕಾಲು ಮಡಿಸಿ, ಬೆನ್ನು ನೆಟ್ಟಗಿಟ್ಟುಕೊಂಡೇ ಕುಕ್ಕರಿಸಿ, ಹೆಬ್ಬೆರಳಿನಿಂದ ಒಂದೊಂದೇ ಗಾದಿಯನ್ನು ಒತ್ತಿದ. ಮಗ್ಗಕ್ಕೆ ಏರಿಸಿದ ನೂಲಿನ ಬಿಗಿಯನ್ನು ನೇಕಾರರು ಹಾಗೆ ನೋಡುತ್ತಾರೆ. ಅವನ ಹೆಬ್ಬೆರಳು ಅಷ್ಟು ಮೆಲ್ಲಗೆ, ಅಷ್ಟು ಗಮನದಿಂದ ಇಳಿಯುವುದನ್ನು ನೋಡುತ್ತ ಗಂಗಾಂಬಿಕಾಳಿಗೆ ಕತ್ತಿನ ಹಿಂದೆ ಬೆಚ್ಚಗಾಯಿತು. ಮರುಕ್ಷಣವೇ ಹೆದರಿಕೆಯಾಯಿತು. ಇಷ್ಟು ಗಮನವುಳ್ಳವನಿಂದ ಏನನ್ನಾದರೂ ಎಷ್ಟು ದಿನ ಮುಚ್ಚಿಡಲಾದೀತು?

"ಎಂಟು," ಎಂದ ಅವನು.

"ನಾಲ್ಕು," ಎಂದುಬಿಟ್ಟಳು ಅವಳು.

ಎರಡು ಮಾತೂ ಒಟ್ಟಿಗೇ ಬಂದವು. ಒಬ್ಬರನ್ನೊಬ್ಬರು ನೋಡಿದರು. ಅವನ ಕಣ್ಣಲ್ಲಿ ನಗುವಿನ ಕೆಳಗೆ ಇನ್ನೇನೋ ಸರಕ್ಕನೆ ಓಡಿ ಅಡಗಿತು.

"ನಾಲ್ಕಾದ್ರೂ ನಡೀತೈತ್ರಿ," ಎಂದ ಅವಸರದಲ್ಲಿ.

"ಇಲ್ರಿ, ಎಂಟ ಇರ್ಲಿ," ಎಂದಳು, ಅವನಿಗಿಂತ ಅವಸರದಲ್ಲಿ.

"ನೀವಿಬ್ರೂ ಲಗ್ನದ ಮೊದ್ಲ ಹಿಂಗ ಸೋಲಾಕತ್ರ ಮುಂದ ಜಗಳಾ ಆಡಾವ್ರ ಯಾರು?" ಪಾರಿಸಪ್ಪ ನಕ್ಕ. "ಮಲಗಿ ನೋಡ್ರಿ. ಹತ್ತ ನಿಮಿಷ. ಎರಡ ನಿಮಿಷಕ್ಕ ಎಲ್ಲಾ ಗಾದೀನೂ ಛಲೋ ಅನ್ನಿಸ್ತಾವ. ಹತ್ತ ನಿಮಿಷಕ್ಕ ಖರೆ ಹೇಳ್ತಾವ."

ಎರಡು ಮಂಚ, ನಡುವೆ ಒಬ್ಬರು ಅಡ್ಡಲಾಗಿ ಹಾಯುವಷ್ಟು ಸಂದಿ. ಸೋತ ಮಾತಿಗೆ ಇಬ್ಬರೂ ಕಟ್ಟುಬಿದ್ದರು. ಅವಳು ಎಂಟರ ಮೇಲೆ ಮಲಗಿದಳು, ಅವನು ನಾಲ್ಕರ ಮೇಲೆ.

ತಂಗೆವ್ವ ಎರಡೂ ಮಂಚಗಳ ಕಾಲುದೆಸೆಯಲ್ಲಿ ಸ್ಟೂಲು ಹಾಕಿಸಿಕೊಂಡು ಕಾವಲು ಕುಳಿತಳು. "ನೀವ ಮಾತಾಡ್ರಿ, ನನಗ ಕಿವಿ ಕೇಳೂದಿಲ್ಲ," ಎಂದಳು. ಓಣಿಯ ಆ ತುದಿಯಲ್ಲಿ ಮಾತಾಡಿದರೂ ಕೇಳುವ ಕಿವಿ ಅವಳದು.

ಮೇಲೆ ಫ್ಯಾನು ನಿಧಾನಕ್ಕೆ ತಿರುಗುತ್ತಿತ್ತು.

"ಹೆಂಗೈತ್ರಿ?" ಅವನ ದನಿ, ಪಿಸುಮಾತು.

"ಛಲೋ ಐತ್ರಿ. ನಿಮ್ಮದು?"

"ಭಾಳ ಛಲೋ."

ಅವನು ಎರಡೂ ಕೈ ಹೊಟ್ಟೆಯ ಮೇಲೆ ಜೋಡಿಸಿಕೊಂಡ.

"ಹಿಂಗ ನಿಮ್ಮ ಪಕ್ಕಕ್ಕ ಮಲಗಿ ಫ್ಯಾನ್ ನೋಡ್ತೇನಿ ಅಂತ ಅನಕೊಂಡಿರಲಿಲ್ಲ," ಎಂದ.

"ನಾನೂ ಅನಕೊಂಡಿರಲಿಲ್ರಿ. ಅದೂ ಅತ್ತಿ ಕಾಲ ಹತ್ರ ಕುಂತಿರೂವಾಗ."

"ಕಿವಿ ಕೇಳೂದಿಲ್ಲ ಅಂದೇನಿ," ಎಂದಳು ತಂಗೆವ್ವ.

ಅವನು ನಕ್ಕ. ನಗು ನಡುವೆಯೇ ತುಂಡಾಯಿತು, ಏನೋ ಚುಚ್ಚಿದಂತೆ. ಗಂಗಾಂಬಿಕಾ ಅದನ್ನು ಕೇಳಿಸಿಕೊಂಡಳು. ಆದರೆ ಆ ಹೊತ್ತಿಗೆ ಅವಳ ಎಡಭುಜದಲ್ಲಿ ಬೆಂಕಿ ಹೊತ್ತಿಕೊಂಡಿತ್ತು. ಐದು ನಿಮಿಷ. ಆರು. ಕೆಳಗಿನ ಗಾದಿ ಅವಳನ್ನು ತನ್ನೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ನೋವಿಗಿಂತ ಅವಳನ್ನು ಹೆದರಿಸಿದ್ದು ಏಳುವ ಹೊತ್ತು. ಅಂಗೈ ಊರಿ ಏಳುವಂತಿಲ್ಲ, ಮಣಿಕಟ್ಟು ಒಪ್ಪುವುದಿಲ್ಲ. ಕೂಗದೆ ಹೇಗೆ ಏಳಲಿ? ಅವನು ಆ ಕಡೆ ನೋಡುತ್ತಿದ್ದರೆ ಸಾಕು, ದೇವರೇ. ಒಂದೇ ಒಂದು ಸಲ ಆ ಕಡೆ ನೋಡಲಿ.

"ಆತ ನೋಡ್ರಿ. ಏಳ್ರಿ," ಎಂದ ಪಾರಿಸಪ್ಪ.

ಅವಳು ಮಣಿಕಟ್ಟನ್ನು ಎದೆಗೆ ಒತ್ತಿಕೊಂಡು, ಮೊಣಕೈ ಊರಿ, ಸಂದಿಯ ಕಡೆ ಮಗ್ಗುಲಾದಳು. ಅದೇ ಹೊತ್ತಿಗೆ ಅವನು ಎರಡೂ ಮೊಣಕಾಲು ಮಡಿಸಿದ. ಭುಜ, ಸೊಂಟ, ಕಾಲು ಒಂದೇ ದಿಮ್ಮಿಯಂತೆ ಸಂದಿಯ ಕಡೆ ಹೊರಳಿದವು. ಪಾದಗಳು ಕೆಳಗಿಳಿದವು. ಆಮೇಲೆ ಮೊಣಕೈ.

ಗಂಗಾಂಬಿಕಾ ಇದನ್ನು ಮೊದಲೇ ಕಂಡಿದ್ದಳು. ಡಾಕ್ಟರ ಹಾಲ್‌ನ ಗೋಡೆಯ ಮೇಲೆ ನಾಲ್ಕು ಚಿತ್ರಗಳ ಒಂದು ಹಾಳೆ ಇದೆ, ಬೆನ್ನು ನೋವಿನವರು ಹಾಸಿಗೆಯಿಂದ ಏಳುವ ರೀತಿ. ಸರದಿಗೆ ಕಾಯುತ್ತ ನಾಲ್ಕು ವರ್ಷ ಆ ಹಾಳೆಯನ್ನು ಅವಳು ನೋಡಿದ್ದಾಳೆ. ಅವನು ನಾಲ್ಕು ಚಿತ್ರಗಳಲ್ಲಿ ಒಂದನ್ನೂ ಬಿಟ್ಟಿರಲಿಲ್ಲ.

ಇಬ್ಬರ ಮುಖಗಳು ಒಂದು ಗೇಣಿನ ಅಂತರದಲ್ಲಿದ್ದವು. ಮುಖ ಸರಿಮಾಡಿಕೊಳ್ಳಲು ಇಬ್ಬರಿಗೂ ಸಮಯ ಸಿಕ್ಕಿರಲಿಲ್ಲ. ಡಿಸೆಂಬರಿನ ಚಳಿಯಲ್ಲಿ ಅವನ ಹಣೆ ಬೆವತಿತ್ತು. ಅವನ ಕಣ್ಣು ಅವಳ ಎದೆಗೊತ್ತಿದ ಮಣಿಕಟ್ಟಿನ ಮೇಲೆ ನಿಂತಿತ್ತು, ಹೆಬ್ಬೆರಳಿಟ್ಟಷ್ಟು ಗಮನದಿಂದ.

ಅವನು ಮೊದಲು ಎದ್ದ. "ಇವತ್ತ ಬ್ಯಾಡ್ರಿ. ಆಮ್ಯಾಲ ನೋಡೂಣು," ಎಂದ ಪಾರಿಸಪ್ಪನಿಗೆ.

ಚಹಾ ಕೂಡ ಕುಡಿಯದೆ ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ. ತಿರುಗಿ ನೋಡಲಿಲ್ಲ.

*

ನಾಲ್ಕು ದಿನ ಫೋನು ಬರಲಿಲ್ಲ.

ಮುಂಜಾನೆ ಎಂಟಕ್ಕೆ ಅವಳು ದಿನವೂ ಅವನಿಗೆ ದನಿ ಮುದ್ರಿಸಿ ಕಳಿಸುತ್ತಿದ್ದಳು: ಎದ್ದಿರೇನ್ರಿ, ಚಹಾ ಆತೇನ್ರಿ, ಇಲ್ಲಿ ಭಾಳ ಮಂಜು ಬಿದ್ದೈತಿ. ಈಗಲೂ ಮುದ್ರಿಸಿದಳು. ಅಳಿಸಿದಳು. ಮತ್ತೆ ಮುದ್ರಿಸಿ ತನ್ನ ದನಿಯನ್ನು ತಾನೇ ಕೇಳಿದಳು. ಅದರಲ್ಲಿ ಮಾತಿಗಿಂತ ಉಸಿರೇ ಹೆಚ್ಚಿತ್ತು. ಅದನ್ನೂ ಅಳಿಸಿದಳು.

ಹಾಲವ್ವ ರೊಟ್ಟಿ ಬಡಿಯುವುದನ್ನು ನಡುವೆ ನಿಲ್ಲಿಸಿ ಬಾಗಿಲು ನೋಡುತ್ತಿದ್ದಳು. ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ ದಿನವಿಡೀ ಕಬ್ಬಿನ ಗಾಡಿ ತೂಗಿ ಬರುವ ಅಂದಾನೆಪ್ಪ ಮನೆಗೆ ಬಂದೊಡನೆ ಕೇಳುತ್ತಿದ್ದುದು ಒಂದೇ, "ಏನರೆ ಬಂತೇನ?" ಹಾಲವ್ವ ಚಹಾಕ್ಕೆ ನೀರಿಡಲು ಏಳುತ್ತಿದ್ದಳು.

ನಾಲ್ಕನೆಯ ದಿನ ತಂಗೆವ್ವ ಬಂದು, ಚಾಪೆಯ ಮೇಲೆ ಕಾಲು ಚಾಚಿ ಕುಳಿತಳು. "ಹೆದರಬ್ಯಾಡ್ರಿ. ನಾ ಎಲ್ಲಾ ನೋಡೇನಿ. ಆ ಹುಡುಗ ಏಳೂವಾಗ ಮಕಾ ಹೆಂಗ ಕಿವುಚಿದ ಅಂತೀರಿ! ಅವನ ಬೆನ್ನಾಗೂ ಏನೋ ಐತಿ. ನಾಳೆ ಅವ್ರು ಒಂದ ಮಾತ ಅಂದ್ರ ನಮಗೂ ಒಂದ ಅನ್ನಾಕ ಬರತೈತಿ."

ಹಾಲವ್ವನ ಮುಖ ನಾಲ್ಕು ದಿನದಲ್ಲಿ ಮೊದಲ ಸಲ ಅರಳಿತು. "ಹೌದೇನ ಅಕ್ಕಾ? ಹಂಗಾರ ಸರಿಗಿ ಸರಿ ಆತಲ್ಲ!"

ಆ ಅರಳಿದ ಮುಖವನ್ನು ಕಂಡು ಗಂಗಾಂಬಿಕಾಳಿಗೆ ಹೊಸದೊಂದು ಹೆದರಿಕೆ ಹುಟ್ಟಿತು. ಲಗ್ನ ಮುರಿಯುವ ಹೆದರಿಕೆಗಿಂತ ಅದು ದೊಡ್ಡದಿತ್ತು. ಅವನ ಬೆನ್ನು ಇವರ ಬಾಯಲ್ಲಿ, ತನ್ನ ಕೈ ಅವರ ಬಾಯಲ್ಲಿ. ಅಪ್ಪನ ಕಾಟಾದ ಮೇಲೆ ಎರಡು ನೋವು ಸಮ ತೂಗಿದವೆಂದು ಲಗ್ನ. ಆಮೇಲೆ ಒಂದೇ ಹಾಸಿಗೆಯಲ್ಲಿ ಇಬ್ಬರೂ ಕಣ್ಣು ಮುಚ್ಚಿ, ಛಲೋ ಐತ್ರಿ, ಭಾಳ ಛಲೋ ಐತ್ರಿ ಎನ್ನುತ್ತ ಬದುಕೆಲ್ಲ ಮಲಗಿರುವುದು.

ಮರುದಿನ ಅವಳು ಸಾಲೆಯಿಂದ ಅರ್ಧ ದಿನ ರಜೆ ಹಾಕಿ ಬನಹಟ್ಟಿಯ ಬಸ್ಸು ಹತ್ತಿದಳು. ಮನೆಯಲ್ಲಿ ಹೇಳಲಿಲ್ಲ. ಮಹಾಲಿಂಗಪುರದ ತನಕ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಇಳಿದು ತಿರುಗಿ ಹೋಗಿಬಿಡಲೇ ಎಂದು ಪ್ರತಿ ಸ್ಟಾಪಿನಲ್ಲೂ ಅನ್ನಿಸಿತು. ಪ್ರತಿ ಸ್ಟಾಪಿನಲ್ಲೂ ಬಾಗಿಲ ಕಡೆ ನೋಡಿ ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು, ನೋಯುವಷ್ಟು.

*

ಮಗ್ಗದ ಶೆಡ್ಡಿನಲ್ಲಿ ನಾಲ್ಕೂ ಮಗ್ಗ ಒಟ್ಟಿಗೇ ಬಡಿಯುತ್ತಿದ್ದವು. ಕಲ್ಮೇಶ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದ. ಬನಿಯನ್ನಿನ ಮೇಲೆ ಸೊಂಟಕ್ಕೆ ಅಗಲವಾದ ಬೂದು ಪಟ್ಟಿ ಬಿಗಿದಿತ್ತು. ಬೆನ್ನಿಗೆ ಕಟ್ಟುವ ಪಟ್ಟಿ.

ತಿರುಗಿ ಅವಳನ್ನು ಕಂಡ. ಮೊದಲು ಅವನ ಕೈ ಹೋದದ್ದು ಗೋಡೆಯ ಮೊಳೆಯಲ್ಲಿದ್ದ ಅಂಗಿಗೆ. ಅರ್ಧಕ್ಕೇ ನಿಂತಿತು. ಆಮೇಲೆ ಅವನು ಒಂದೊಂದೇ ಮಗ್ಗ ಆರಿಸುತ್ತ ಬಂದ. ಒಂದು ನಿಂತಿತು, ಎರಡು, ಮೂರು. ನಾಲ್ಕನೆಯದು ನಿಂತಾಗ ಅವಳು ಹೊಸ್ತಿಲು ದಾಟಿ ಒಳಗೆ ಬಂದಳು.

"ಯಾಕ ಎದ್ದ ಹೋದ್ರಿ?" ಎಂದಳು. ಬಸ್ಸಿನಲ್ಲಿ ಸಿದ್ಧಮಾಡಿಕೊಂಡ ಮಾತು ಇದಾಗಿರಲಿಲ್ಲ.

"ಎಂಟ ತಗೋಳೂಣು ಅಂದ್ರ ನಿಮಗ ನೋವು. ನಾಲ್ಕ ಅಂದ್ರ ನನಗ. ಅಲ್ಲೇ ನಿಂತು ನಾ ಯಾವ್ದ ಅನ್ನಬೇಕಿತ್ರಿ?"

"ನಾಲ್ಕ ದಿನ ಫೋನರೆ?"

"ಹೆದರಿದ್ದೆ."

"ಯಾರಿಗಿ?"

"ನಿಮಗ." ಅವನು ನೆಲ ನೋಡಿದ. "ನಾ ಏಳೂದನ್ನ ನೀವು ನೋಡಿದ್ರಿ. ನಿಮ್ಮ ಕಣ್ಣಾಗ ಎಲ್ಲಾ ಗೊತ್ತಾತು ಅಂತ ಕಾಣಿಸ್ತು. ಇನ್ನ ನಿಮ್ಮಪ್ಪಾರ ಫೋನ್ ಬರತೈತಿ, ಲಗ್ನ ಬ್ಯಾಡ ಅಂತಾರ ಅಂತ ಕಾಯಾಕತ್ತಿದ್ದೆ."

ಅವಳು ಕಾಯುತ್ತಿದ್ದುದೂ ಅದನ್ನೇ. ಹದಿನೈದು ಮೈಲಿಯ ಆಚೆ ಈಚೆ, ಒಂದೇ ಹೆದರಿಕೆಯನ್ನು ಇಬ್ಬರೂ ಬೇರೆ ಬೇರೆ ಕುಳಿತು ಕಾಯ್ದಿದ್ದರು.

ಅವನು ನಿಂತೇ ಹೇಳಿದ. ಎರಡು ವರ್ಷದ ಹಿಂದೆ ನೂಲು ಸುತ್ತಿದ ಬೀಮನ್ನು ಮಗ್ಗಕ್ಕೆ ಏರಿಸುವಾಗ ಬೆನ್ನಿನಲ್ಲಿ ಏನೋ ಜಾರಿತು. ಮೂರು ತಿಂಗಳು ಮಲಗಿದ್ದ. ಈಗ ಓಡಾಡುತ್ತಾನೆ, ಆದರೆ ಹೆಚ್ಚು ಹೊತ್ತು ಕೂರಲಾರ. ಹೋದ ವರ್ಷ ರಬಕವಿಯ ಗೆಳೆಯನ ಮನೆಯಲ್ಲಿ ಮೆತ್ತನೆಯ ಗಾದಿಯ ಮೇಲೆ ಮಲಗಿ ಮೂರು ದಿನ ಏಳಲಾಗಲಿಲ್ಲ.

"ಲಗ್ನದ ಮರುದಿನ ಮುಂಜಾನಿ ಮದುಮಗನ್ನ ನಾಲ್ಕ ಮಂದಿ ಹಿಡದ ಎಬ್ಬಿಸಿದ್ರ ಹೆಂಗ ಅಂತ ಹೆದರಿಕಿ. ಅದಕ್ಕ ಗಾದಿ ನಾನ ಆರಿಸ್ತೇನಿ ಅಂದೆ. ನಮ್ಮವ್ವ ಅಂದಿದ್ಲು, ಲಗ್ನ ಆಗೂತನಾ ಬಾಯಿ ಬಿಡಬ್ಯಾಡ ಅಂತ."

ಗಂಗಾಂಬಿಕಾ ಬಾಯಿಗೆ ಸೆರಗು ಒತ್ತಿಕೊಂಡಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. "ನಮ್ಮವ್ವನೂ ಅದನ್ನ ಅಂದ್ಲು. ಇದ ಮಾತು."

"ಇದ ಮಾತು?"

"ಗದ್ದಾ ಹಿಡದ ಅಂದ್ಲು."

"ನಮ್ಮಾಕಿ ಕಿವಿ ಹಿಡದ ಅಂದ್ಲು." ಅವನು ನಕ್ಕ. ಈ ಸಲ ನಗು ತುಂಡಾಗಲಿಲ್ಲ.

ಆಮೇಲೆ ಅವಳು ಹೇಳಿದಳು. ಬೆರಳು, ಮುಂಜಾನೆ, ಆಯ್ತವಾರದ ಗುಳಿಗೆ. "ಇದು ಹೋಗೂದಲ್ರಿ. ಕಡಿಮಿ ಆಕ್ಕೈತಿ, ಹೆಚ್ಚ ಆಕ್ಕೈತಿ. ಮುಂದ ಹೆಂಗ ಅಂತ ಡಾಕ್ಟರೂ ಹೇಳೂದಿಲ್ಲ. ಮೊದ್ಲ ಹೇಳಬೇಕಿತ್ತು. ಹೇಳಿದ್ರ ನೀವೂ ಹೋಗ್ತಿದ್ರಿ ಅಂತ..."

"ಅದಕ್ಕ ಮುಂಜಾನಿ ದನಿ," ಎಂದ ಅವನು ಮೆಲ್ಲಗೆ, ತನಗೇ ಹೇಳಿಕೊಂಡಂತೆ. "ಮಧ್ಯಾಹ್ನ ಆದ್ರ ಅಕ್ಷರ ಕಳಸ್ತೀರಿ. ಮುಂಜಾನಿ ಮಾತ್ರ ದನಿ. ಇದರಾಗ ಏನೋ ಐತಿ ಅಂತ ಭಾಳ ಸಲ ಅನ್ನಿಸೇತಿ."

"ಕೇಳಲಿಲ್ಲ ಯಾಕ?"

"ಕೇಳಿದ್ರ ನೀ ಕಳಸೂದ ಬಿಟ್ಟ ಬಿಡ್ತಿದ್ದಿ."

ಅವನ ಬಾಯಿಂದ ಮೊದಲ ಸಲ 'ನೀ' ಬಂದಿತ್ತು. ಇಬ್ಬರೂ ಅದನ್ನು ಕೇಳಿಸಿಕೊಂಡರು.

"ಲೇ ಕಲ್ಮ್ಯಾ! ಕರೆಂಟ್ ಐತೆಲ್ಲ, ಮಗ್ಗ ಯಾಕ ನಿಂತೂ?"

ಬಾಗಿಲಲ್ಲಿ ಅವನ ತಾಯಿ ಮುತ್ತವ್ವ. ಆ ಓಣಿಯಲ್ಲಿ ಸದ್ದಿಗೆ ಯಾರೂ ಬೆಚ್ಚುವುದಿಲ್ಲ. ಸದ್ದು ನಿಂತರೆ ಎಲ್ಲಿದ್ದವರೂ ಓಡಿ ಬರುತ್ತಾರೆ. ಅವಳ ಕಣ್ಣು ಸೊಸೆಯಾಗಬೇಕಾದವಳ ಮೇಲೆ ಬಿತ್ತು, ಆಮೇಲೆ ಮಗನ ಸೊಂಟದ ಪಟ್ಟಿಯ ಮೇಲೆ. ಮುಖದ ಬಣ್ಣ ಇಳಿಯಿತು.

ಓಡಿಹೋಗಬೇಕೆಂದು ಕಾಲು ಹೇಳಿದವು. ಗಂಗಾಂಬಿಕಾ ಕಾಲಿನ ಮಾತು ಕೇಳಲಿಲ್ಲ.

"ಅತ್ತೀರಿ, ಅವರ ಬೆನ್ನಿಂದು ನನಗ ಗೊತ್ತಾಗೇತ್ರಿ. ನನ್ನದೂ ಒಂದ ಹೇಳೂದೈತಿ," ಎಂದಳು. ಪೂರಾ ಹೇಳಿದಳು, ಗುಳಿಗೆಯ ಡಬ್ಬಿ ಎಲ್ಲಿ ಇಡುತ್ತಾಳೆ ಎಂಬುದರ ತನಕ.

ಮುತ್ತವ್ವ ಒಳಗೆ ಬಂದಳು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯ ಅಂಚಿನತ್ತ ನೋಡುತ್ತ ನಿಂತಳು.

"ಇಬ್ರೂ ಹಿಂಗಾದ್ರ," ಎಂದಳು ಕಡೆಗೆ, "ನೀರಿನ ಕೊಡಾ ಎತ್ತಾವ್ರ ಯಾರು?"

"ನಳಾ ಅಡಗಿಮನಿಗೇ ಬಂದೈತಿ ಬೇ," ಎಂದ ಕಲ್ಮೇಶ.

"ಸುಮ್ನಿರಲೇ. ನಾ ಕೊಡದ ಮಾತ ಆಡಾಕತ್ತಿಲ್ಲ. ನನಗ ಹೆದರಿಕಿ ಬರಾಕತ್ತೈತಿ."

"ನನಗೂ ಬರಾಕತ್ತೈತ್ರಿ," ಎಂದಳು ಗಂಗಾಂಬಿಕಾ.

ಮುತ್ತವ್ವ ಹತ್ತಿರ ಬಂದು ಅವಳ ಕೈ ತೆಗೆದುಕೊಂಡಳು. ಬೆರಳಿನ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿದಳು. ಮೂರನೆಯ ಗೆಣ್ಣಿಗೆ ಹುಡುಗಿ ತುಟಿ ಕಚ್ಚಿದಳು. ಮುತ್ತವ್ವ ಬಿಟ್ಟುಬಿಟ್ಟಳು, ಆದರೆ ಕೈಯನ್ನಲ್ಲ, ಒತ್ತುವುದನ್ನು.

"ಲಾಳಿಗಿ ನೂಲಿನ ಕಂಡಿಕಿ ಸುತ್ತಾಕ ಬರತೈತೇನ?"

"ಮುಂಜಾನಿ ಆಗೂದಿಲ್ರಿ. ಹತ್ತರ ಮ್ಯಾಲ ಕಲಿತೇನ್ರಿ."

"ಹತ್ತರ ಮ್ಯಾಲ ಕಲಿ," ಎಂದಳು ಮುತ್ತವ್ವ. ಬಾಗಿಲ ತನಕ ಹೋಗಿ ತಿರುಗಿದಳು. "ಚಹಾ ಮಾಡ್ತೇನಿ. ಮಗ್ಗ ಚಾಲೂ ಮಾಡಲೇ, ಇಲ್ಲಾಂದ್ರ ಓಣಿ ಮಂದೆಲ್ಲಾ ಬರತೈತಿ ಈಗ."

*

ಪಾರಿಸಪ್ಪ ಎರಡನೆಯ ಸಲ ಅವರ ಮಾತು ಪೂರಾ ಕೇಳಿದ. "ಇದನ್ನ ಅವತ್ತ ಹೇಳಿದ್ರ ಅವತ್ತ ಮುಗೀತಿತ್ತಲ್ರಿ," ಎಂದ. ಬೆನ್ನು ನೋವೆಂದರೆ ಹಲಗೆಯೇ ಬೇಕೆಂದು ಜನ ತಪ್ಪು ತಿಳಿದಿದ್ದಾರಂತೆ. ನಡ ಜೋತು ಬೀಳಬಾರದು, ಅಷ್ಟೇ. ಎಂಟು ಬಿಟ್ಟು ಆರರ ಮೇಲೆ ಕಲ್ಮೇಶನನ್ನು ಮಲಗಿಸಿದ, ಹತ್ತು ನಿಮಿಷವಲ್ಲ, ಇಪ್ಪತ್ತು. ಅವಳಿಗೆ ನಾಲ್ಕು. ಒಂದೇ ಎತ್ತರದ ಎರಡು ಒಂಟಿ ಗಾದಿಗಳು, ಒಂದೇ ಮಂಚದ ಮೇಲೆ ಪಕ್ಕಪಕ್ಕಕ್ಕೆ.

"ಎರಡ ಗಾದಿ ಕಂಡ್ರ ಹಂದರದಾಗ ಮಂದಿ ಏನಂತೈತಿ?" ಎಂದು ಹಾಲವ್ವ ಕೈ ಕೈ ಹಿಸುಕಿಕೊಂಡಳು. ಮಗಳು ಅಷ್ಟೆಲ್ಲ ಹೇಳಿ ಬಂದದ್ದು ಅವಳಿಗೆ ಇನ್ನೂ ಅರಗಿರಲಿಲ್ಲ.

ಅದಕ್ಕೆ ಕಲ್ಮೇಶ ಗವಸು ನೇಯ್ದ. ಅವನ ಮಗ್ಗದಲ್ಲಿ ಬರುವ ಬಟ್ಟೆಯ ಅಗಲ ಐವತ್ತು ಇಂಚು, ಮಂಚಕ್ಕೆ ಸಾಲದು. ಎರಡು ತುಂಡು ಜೋಡಿಸಿದರೆ ಹೊಲಿಗೆ ಸರಿಯಾಗಿ ನಡುವೆ, ಎರಡು ಗಾದಿ ಕೂಡುವಲ್ಲಿಯೇ ಬರುತ್ತಿತ್ತು. ಅವನು ಹಾಗೆ ಮಾಡಲಿಲ್ಲ. ಒಂದು ಇಡೀ ತುಂಡನ್ನು ನಡುವೆ ಹಾಕಿ, ಇನ್ನೊಂದನ್ನು ಉದ್ದಕ್ಕೆ ಸೀಳಿ ಎರಡೂ ಬದಿಗೆ ಸೇರಿಸಿದ. ಹೊಲಿಗೆಗಳು ಅಂಚಿಗೆ ಹೋದವು. ನಡುವೆ ಅಖಂಡ ಬಟ್ಟೆ.

ಲಗ್ನದ ದಿನ ಗಂಡಿನ ಕಡೆಯ ಹೆಂಗಸರು ಪದ್ಧತಿಯಂತೆ ಗಾದಿ ಒತ್ತಿ ನೋಡಿದರು.

"ಛಲೋ ಗಟ್ಟಿ ಐತಿ," ಎಂದಳು ಆ ಕಡೆ ನಿಂತವಳು.

"ಏ ಎಲ್ಲಿ ಗಟ್ಟಿ? ಅರಳಿ ಅಂಥಾ ಮೆತ್ತಗೈತಿ," ಎಂದಳು ಈ ಕಡೆಯವಳು.

"ನಿನ್ನ ಕೈಯಾಗ ಜೀವ ಇಲ್ಲ ಬಿಡ."

ತಂಗೆವ್ವ ಇದನ್ನು ಕೇಳಿಸಿಕೊಂಡಳು. ಕಿವಿ ಕೇಳದವಳಂತೆ ಹೋಳಿಗೆ ಬಡಿಸಲು ಹೋದಳು. ಅಕ್ಷತೆ ಮೆತ್ತಿದ ಹಣೆಯ ಕೆಳಗಿನಿಂದ ಕಲ್ಮೇಶ ಹೆಂಡತಿಯ ಕಡೆ ನೋಡಿದ. ಅವಳು ನಗಬಾರದೆಂದು ಹಿಡಿದ ಉಸಿರನ್ನು ಮೂರು ಶಾಸ್ತ್ರ ಮುಗಿಯುವ ತನಕ ಬಿಡಲಿಲ್ಲ.

*

ಮೊದಲ ಮುಂಜಾನೆ ಅವಳಿಗೆ ಎಚ್ಚರವಾದಾಗ ಕಿಟಕಿಯಲ್ಲಿ ಬೂದು ಬೆಳಕು. ಎಲ್ಲೋ ಒಂದು ಮಗ್ಗ ಆಗಲೇ ಶುರುವಾಗಿತ್ತು.

ಮೊದಲು ಕೈ ನೋಡಿಕೊಂಡಳು. ಲಗ್ನದ ದಣಿವೆಲ್ಲ ಅಲ್ಲಿಗೆ ಬಂದು ಕುಳಿತಿತ್ತು. ಬೆರಳು ಬಾತು, ನಿನ್ನೆಯ ಹಸಿರು ಬಳೆಗಳು ಮಣಿಕಟ್ಟನ್ನು ಬಿಗಿಹಿಡಿದಿದ್ದವು. ಮುಷ್ಟಿ ಅರ್ಧಕ್ಕೂ ಬರಲಿಲ್ಲ. ಹೇಳುವುದು ಬೇರೆ, ತೋರಿಸುವುದು ಬೇರೆ. ಅವನು ಕೇಳಿದ್ದಾನೆ, ಕಂಡಿಲ್ಲ. ಕಂಡ ಮೇಲೆ? ಹಳೆಯ ಹೆದರಿಕೆ ಹಾಸಿಗೆಯ ಆ ತುದಿಯಿಂದ ಮೆಲ್ಲಗೆ ಹತ್ತಿಬಂದು ಅವಳ ಪಕ್ಕದಲ್ಲಿ ಮಲಗಿತು. ಅವಳು ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು.

ಪಕ್ಕದಲ್ಲಿ ಅವನು ಎರಡೂ ಮೊಣಕಾಲು ಮಡಿಸುವುದು ಗೊತ್ತಾಯಿತು. ಮೊದಲನೆಯ ಚಿತ್ರ.

ಈಗ ಅವನು ಮಂಚದ ಅಂಚಿನ ಕಡೆ, ಆ ಕಡೆ ಹೊರಳುತ್ತಾನೆ. ಅವಳಿಗೆ ಬೆನ್ನು ಕಾಣುತ್ತದೆ. ಪಾದ ಇಳಿಸುತ್ತಾನೆ, ಏಳುತ್ತಾನೆ. ಹಾಗೇ ಆಗಲಿ, ಕೈ ಬೆಚ್ಚಗಾಗುವ ತನಕ ಸಮಯ ಸಿಗುತ್ತದೆ. ಅವಳು ಕಣ್ಣು ಮುಚ್ಚಿ ಕಾಯ್ದಳು.

ಗವಸಿನ ನಡುವಿನ ಬಟ್ಟೆ ಸಣ್ಣಗೆ ಜಗ್ಗಿತು.

ಕಣ್ಣು ತೆರೆದರೆ ಒಂದು ಗೇಣಿನ ಅಂತರದಲ್ಲಿ ಅವನ ಮುಖ. ಅವತ್ತು ಅಂಗಡಿಯಲ್ಲಿ ಇದ್ದಷ್ಟೇ ಹತ್ತಿರ. ಈ ಸಲ ನಡುವೆ ಸಂದಿ ಇರಲಿಲ್ಲ.

"ನೀವ ಏಳೂ ಮಗ್ಗಲ ಆ ಕಡೆ ಐತ್ರಿ," ಎಂದಳು ಪಿಸುದನಿಯಲ್ಲಿ.

"ಗೊತ್ತೈತಿ."

ಅವನ ಅಂಗೈ ಹೊದಿಕೆಯ ಮೇಲೆ ಮೇಲ್ಮುಖವಾಗಿ ಬಂದು ನಿಂತಿತು. ಒಳಗೆ ಕೈಹಾಕಲಿಲ್ಲ, ಕೇಳಲಿಲ್ಲ, ಎಳೆಯಲಿಲ್ಲ. ಅಲ್ಲಿಯೇ ಇತ್ತು. ಹೊರಗೆ ಎರಡನೆಯ ಮಗ್ಗ ಶುರುವಾಯಿತು, ಆಮೇಲೆ ಮೂರನೆಯದು. ಎಷ್ಟೋ ಹೊತ್ತಾದ ಮೇಲೆ ಅವಳು ಕೈ ಹೊರಗೆ ತೆಗೆದು, ಬಾತು ಅರ್ಧ ಬಾಗಿದ ಬೆರಳುಗಳನ್ನು ಹಾಗೆಯೇ ಅವನ ಅಂಗೈಯಲ್ಲಿ ಇಟ್ಟಳು.

ಅವನು ಒತ್ತಲಿಲ್ಲ.

"ಎಷ್ಟೊತ್ತ ಬೇಕು?" ಎಂದ.

"ಹತ್ತ ಗಂಟೆ ಆಗಬೇಕ್ರಿ."

"ಇರ್ಲಿ," ಎಂದ ಕಲ್ಮೇಶ. "ಆಮ್ಯಾಲ ಆ ಕಡೆ ಹೊರಳತೇನಿ."